ಆಚೆ ದಡದ ಒನಕೆ

ಬೊಯಾಂಗೆ ಊರು, ಮಧ್ಯ ಆಫ್ರಿಕಾ
ಮೂರನೆಯ ನದಿಯ ಎಂಬತ್ತೊಂದನೇ ವರ್ಷ, ಮರದ ಹುಳು ಹೆಕ್ಕುವ ತಿಂಗಳು
(ಹಳೆಯ ಲೆಕ್ಕದಲ್ಲಿ 2306)

ಇನ್ನೂ ಹುಟ್ಟದ ನನ್ನ ಮೊಮ್ಮಕ್ಕಳ ಮಕ್ಕಳಿಗೆ ಯಾಂಗಾನಾಳ ಆಶೀರ್ವಾದ.

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಪದಗಳೂ ನಮ್ಮ ಹಾಗೆ ಊರು ಬದಲಿಸುತ್ತವೆ. ಮೂರನೆಯ ನದಿ ಎಂದರೆ, ನಮ್ಮ ನದಿ ಎರಡು ಸಲ ಹಾದಿ ಬದಲಿಸಿದ ಮೇಲಿನ ಕಾಲ. ಎರಡು ಸಲವೂ ಊರು ಜಾಗ ಬಿಟ್ಟಿತು. ಈಗ ನಾವು ಮುಂಜಾನೆ ಮರಗೆಣಸು ಕುಟ್ಟುತ್ತೇವೆ, ಮಧ್ಯಾಹ್ನ ಮೀನಿನ ಬುಟ್ಟಿ ಹೆಣೆಯುತ್ತೇವೆ, ಈ ತಿಂಗಳಲ್ಲಿ ಕಾಡಿಗೆ ಹೋಗಿ ಹುಳು ಹೆಕ್ಕಿ ತಂದು ಹುರಿಯುತ್ತೇವೆ. ಅಡುಗೆಗೆ ಬಿಸಿಲುಗಡಿಗೆ ಇದೆ. ಹಗಲೆಲ್ಲ ಅಂಗಳದಲ್ಲಿಟ್ಟರೆ ಸಂಜೆ ಬೆಂಕಿಯಿಲ್ಲದೆ ಸಾರು ಕುದಿಸುತ್ತದೆ. ಹಿಟ್ಟಿನ ಯಂತ್ರವೂ ಇದೆ. ಆದರೂ ಒನಕೆ ಬಿಟ್ಟಿಲ್ಲ. ಯಾಕೆಂದು ಹೇಳುತ್ತೇನೆ.

ನದಿ ಕೊನೆಯ ಸಲ ತಿರುಗಿದಾಗ ನನ್ನ ಅಜ್ಜಿ ಸೆಬಾಲೆ ತಂಗಿಯನ್ನು ಕರೆದಳು. "ನೀರು ಬರ್ತಿದೆ ಮೊಕೆಯಾ, ಹೊರಡು."

"ಅವ್ವನ ಸಮಾಧಿ ಇಲ್ಲಿದೆ. ನೀನು ಬೇಕಾದರೆ ಹೋಗು."

"ಸತ್ತವಳಿಗೋಸ್ಕರ ಬದುಕಿರೋಳನ್ನ ಬಿಡ್ತೀಯಾ?"

ಅಲ್ಲಿಗೆ ಮಾತು ನಿಂತಿತು. ಮೊಕೆಯಾ ಸಮಾಧಿಯ ದಿಬ್ಬದ ಮೇಲೆ ಉಳಿದಳು. ನದಿ ಇಬ್ಬರ ನಡುವೆ ಹರಿಯಿತು. ಹನ್ನೊಂದು ವರ್ಷ ಯಾರೂ ದಾಟಲಿಲ್ಲ. ಆದರೆ ಆಚೆ ದಡದ ಒನಕೆಯ ಸದ್ದು ಕೇಳುವತನಕ ಅಜ್ಜಿ ತನ್ನ ಒನಕೆ ಎತ್ತುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಮುಂಜಾನೆ ಸದ್ದು ಬರಲಿಲ್ಲ. ಬಿಸಿಲೇರುವತನಕ ಕಾದು, ಅಜ್ಜಿ ಒಬ್ಬಳೇ ದೋಣಿ ಹಾಕಿದಳು. ಮೊಕೆಯಾ ಜ್ವರದಲ್ಲಿ ಚಾಪೆಯ ಮೇಲಿದ್ದಳು.

"ಯಾಕೆ ಬಂದೆ?"

"ಕುಟ್ಟೋ ಸದ್ದು ಕೇಳಲಿಲ್ಲ."

ಮೊಕೆಯಾ ಗೋಡೆಯ ಕಡೆ ಹೊರಳಿದಳು. "ಗೊತ್ತು. ನಾನು ಶುರು ಮಾಡದೆ ನೀನು ಮಾಡಲ್ಲ. ಅದಕ್ಕೇ ದಿನಾ ಬೇಗ ಏಳ್ತಿದ್ದೆ" ಎಂದಳು.

ಅಜ್ಜಿ ಹತ್ತೊಂಬತ್ತು ದಿನ ಅಲ್ಲೇ ಇದ್ದು ಗಂಜಿ ಕುಡಿಸಿದಳು. ಮೊಕೆಯಾ ಚೇತರಿಸಿಕೊಂಡು ಎಷ್ಟೋ ವರ್ಷ ಬದುಕಿದಳು. ದಿಬ್ಬ ಮಾತ್ರ ಬಿಡಲಿಲ್ಲ. ಅಜ್ಜಿಯೂ ಮತ್ತೆ ಕೇಳಲಿಲ್ಲ. ಸಂತೆಯ ದಿನಗಳಲ್ಲಿ ದಾಟಿ ಹೋಗಿ ಬರುತ್ತಿದ್ದಳು.

ಈ ವರ್ಷ ನದಿ ಮತ್ತೆ ದಡ ಕೊರೆಯುತ್ತಿದೆ. ನಾನು ಹೊರಡಬೇಕೆಂದಿದ್ದೇನೆ; ನನ್ನಣ್ಣ ಬೆಂಡೊ ಬರುವುದಿಲ್ಲವಂತೆ. ನಿನ್ನೆ ಜಗಳಕ್ಕೆ ಬಾಯಿ ತೆರೆದವಳು ಅಜ್ಜಿಯ ಹನ್ನೊಂದು ವರ್ಷ ನೆನೆದು, ದೋಣಿಗೆ ಮರ ನೋಡಲು ಹೊರಟೆ. ಈಗ ಇಬ್ಬರೂ ಸೇರಿ ಎರಡು ದೋಣಿ ಕೊರೆಯುತ್ತಿದ್ದೇವೆ, ಒಂದು ಅವನ ದಡಕ್ಕೆ, ಒಂದು ನನ್ನದಕ್ಕೆ.

ನೀವು ಯಾವ ದಡದವರೋ ನಾನರಿಯೆ. ಮಳೆಗಾಲಕ್ಕೆ ಮುಂಚೆ ದೋಣಿಗೆ ಎಣ್ಣೆ ಹಚ್ಚಿಡಿ.