ಗೊಣಗುವ ಕಂಬ

ಡಿಸೆಂಬರ್ ಮೂರು, ಮಧ್ಯಾಹ್ನ

ನನ್ನ ಮುದ್ದು ಮರಕುಟಿಗಕ್ಕೆ ಅಕ್ಕನ ನೆನಪುಗಳು.

ಅಪ್ಪ ಇಟ್ಟ ಹೆಸರಿನಿಂದ ಕರೆದರೆ ನಿನಗೆ ಸಿಟ್ಟು ಬರುತ್ತದೇನೋ. ಬರಲಿ. ಆಫೀಸಿನವರಿಗೆ ನೀನು ಎಂಜಿನಿಯರ್ ಮೇಡಂ, ನನಗಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮನೆಯಿರುವುದೇ ಎರಡು ಕೋಣೆ, ಅಪ್ಪನ ಕಣ್ಣು ಹೋಗಿದ್ದರೂ ಕಿವಿ ಚುರುಕಾಗಿದೆ. ಅದಕ್ಕೇ ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ಕೂತು ಬರೆಯುತ್ತಿದ್ದೇನೆ.

ಅಪ್ಪ ಹಾಸಿಗೆ ಹಿಡಿದಿದ್ದಾರೆ. ಎದೆಯಲ್ಲಿ ನೀರು ತುಂಬಿದೆಯಂತೆ. ನೋಡಬೇಕಾದವರನ್ನೆಲ್ಲ ಕರೆಸಿಬಿಡಿ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನೋಡಬೇಕಾದವಳು ನೀನೊಬ್ಬಳೇ. ಬಾ. ಆದರೆ ಬಂದಾಗ ಬಾಯಿ ಬಿಗಿಹಿಡಿದುಕೋ. ಅವರು ಆಸ್ಪತ್ರೆಯಲ್ಲಿದ್ದಾಗ, ಬೀಳುವ ಹಾಗಿದೆ ಎಂದು ಊರಿನವರು ನಮ್ಮ ಮರದ ಚರ್ಚನ್ನು ಕೆಡವಿಬಿಟ್ಟರು. ಅದು ಅವರಿಗೆ ಗೊತ್ತಿಲ್ಲ.

ಗಾಳಿ ಬಂದಾಗ ಇಡೀ ಚರ್ಚು ಕಿರುಗುಟ್ಟುತ್ತಿತ್ತಲ್ಲ, ಅದಕ್ಕಾಗಿ ಕಿವಿಗೊಟ್ಟು ಮಲಗಿರುತ್ತಾರೆ. “ಇವತ್ತೂ ಗಾಳಿ ಇಲ್ವೇನೇ?” ಅಂತ ಕೇಳುತ್ತಾರೆ. ಎಲೆ ಕೂಡ ಅಲ್ಲಾಡ್ತಿಲ್ಲ ಅಪ್ಪಾ, ಅನ್ನುತ್ತೇನೆ. ಕಿಟಕಿ ಸದ್ದು ಮಾಡದಿರಲಿ ಎಂದು ಚೌಕಟ್ಟಿನ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದ್ದೇನೆ. ಬದುಕಿನಲ್ಲಿ ಎಂತೆಂಥ ಕೆಲಸ ಮಾಡಬೇಕಾಗುತ್ತದೆ ನೋಡು.

ಕೆಡವಲು ಬಂದವರು ಮೊದಲು ಪೆಚ್ಚಾದರು. ಎಲ್ಲಿ ಹುಡುಕಿದರೂ ಮೊಳೆಯಿಲ್ಲ, ಬರೀ ಮರದ ಗೂಟ. ಮೇಸ್ತ್ರಿ, “ಇದನ್ನ ಕಟ್ಟಿದೋರ ಮನೆ ಹಾಳಾಗ!” ಅಂತ ಬೈದ. ಚರ್ಚು ನೋಡಲು ಬಂದವರಿಗೆ ಅಪ್ಪ ಹೇಳುತ್ತಿದ್ದ ಕಥೆ ನೆನಪಾಗಿ ನಗು ಬಂತು, ಹಿಂದೆಯೇ ಅಳು ಬಂತು. ಮೊದಲಿನ ಚರ್ಚು ಸುಟ್ಟುಹೋದಾಗ ಊರಿನಲ್ಲಿದ್ದವರು ದೋಣಿ ಕಟ್ಟುವವರು ಮಾತ್ರ. ಅವರಿಗೆ ಬೇರೆ ಚಾವಣಿ ಗೊತ್ತಿರಲಿಲ್ಲ, ಅದಕ್ಕೇ ದೋಣಿಯನ್ನು ಬೋರಲು ಹಾಕಿ ಅದರ ಕೆಳಗೆ ದೇವರನ್ನು ಕೂರಿಸಿದರು. ಕಂಬಗಳೆಂದರೆ ಇಡೀ ಮರಗಳೇ. ಕಾಡಿನಲ್ಲಿ ನಿಂತಿದ್ದ ಹಾಗೆಯೇ ಬುಡ ಕೆಳಗೆ, ತುದಿ ಮೇಲೆ. ಗಂಟೆ ತೂಗುವಾಗ ಗೂಟಗಳು ಸಡಿಲವಾಗಬಾರದೆಂದು ಗಂಟೆಗೋಪುರವನ್ನು ಬೇರೆಯಾಗಿ ಕಟ್ಟಿದರು. ಈಗ ಅದೊಂದೇ ನಿಂತಿದೆ, ಜೊತೆ ಕಳೆದುಕೊಂಡ ಮುದುಕನ ಹಾಗೆ.

ಚರ್ಚಿನ ಮರಗೆಲಸವೆಲ್ಲ ಅಪ್ಪನದೇ ಆಗಿತ್ತಲ್ಲ, ನಮ್ಮಿಬ್ಬರಿಗೂ ಗೆಣ್ಣಿನಿಂದ ಕಂಬ ತಟ್ಟಿ ಕೇಳುವುದನ್ನು ಕಲಿಸಿದವರೂ ಅವರೇ. ಗಟ್ಟಿ ಮರ ಮಾತಾಡುತ್ತದೆ, ಪೊಳ್ಳು ಮರ ಗೊಣಗುತ್ತದೆ. ನನಗೆ ಎಲ್ಲ ಒಂದೇ ಥರ ಕೇಳುತ್ತಿತ್ತು. ನೀನು ಮಾತ್ರ ಊಟದ ಮೇಜಿನಿಂದ ಪಾದ್ರಿಗಳ ಬೆಂಚಿನವರೆಗೆ ಎಲ್ಲವನ್ನೂ ಕುಟ್ಟುತ್ತಾ ತಿರುಗಿದೆ, ಹೆಸರು ಗಿಟ್ಟಿಸಿಕೊಂಡೆ. ಆಮೇಲೆ, ನೀನು ಓದಿ ಬಂದ ಮೇಲೆ, ಚರ್ಚು ಗಟ್ಟಿಯಿದೆಯೋ ಇಲ್ಲವೋ ಎಂದು ಕರೆದ ಆ ಸಭೆ. ಊರಿನವರೆಲ್ಲರ ಎದುರು ಬಲಿಪೀಠದ ಎಡಗಡೆಯ ಕಂಬ ತಟ್ಟಿ, “ಅಪ್ಪಾ, ಇದು ಗೊಣಗ್ತಾ ಇದೆ,” ಅಂದೆ. “ಕಂಬಕ್ಕೇನೂ ಆಗಿಲ್ಲ, ನಿನ್ನ ಕಿವಿ ಕೆಟ್ಟಿದೆ,” ಅಂದರು ಅಪ್ಪ. ಅವತ್ತಿನಿಂದ ಅವರು ನಿನ್ನ ಹೆಸರೆತ್ತಿಲ್ಲ. ನಾನೂ ಅವರ ಪಕ್ಕ ನಿಂತು, ಇವಳಿಗೆ ಓದಿದ ಜಂಬ ಅಂದುಕೊಂಡೆ.

ಈಗ ಯಾರಿಗೂ ಹೇಳದ ಸಂಗತಿ ಕೇಳು. ಮರವನ್ನೆಲ್ಲ ಕೊಯ್ದು ಮನೆಮನೆಗೆ ಸೌದೆಗೆಂದು ಹಂಚಿದರು. ನಮ್ಮ ಪಾಲಿಗೆ ಆ ಕಂಬದ ಬುಡವೇ ಬಂತು. ಜಗಲಿಯ ಮೇಲೆ ಇಳಿಸುವಾಗ ಅದರಿಂದ ಅಂಗೈಯಗಲದ ಚೌಕ ತುಂಡೊಂದು ಕಳಚಿ ಬಿತ್ತು. ಎಳೆಗೆ ಎಳೆ ಕೂಡುವಂತೆ ಕೂರಿಸಿದ ತೇಪೆ. ಅದರ ಹಿಂದೆ ಕಂಬವೆಲ್ಲ ಪೊಳ್ಳು, ಬರೀ ಮರದ ಪುಡಿ, ಅಂಟು, ಮೇಣ. ಎಲ್ಲ ಆ ಸಭೆಗಿಂತಲೂ ಹಳೆಯದು, ಕಪ್ಪಾಗಿದ್ದದ್ದು. ಹಾಗೆ ಎಳೆ ಕೂಡಿಸುವ ಕೈ ಈ ಊರಿನಲ್ಲಿ ಒಂದೇ. ನಿನ್ನ ಕಿವಿ ಕೆಟ್ಟಿದೆ ಅಂದಾಗ ಅವರಿಗೆ ಎಲ್ಲ ಗೊತ್ತಿತ್ತು, ಮರಕುಟಿಗಾ. ಆ ಕಂಬದ ಕೆಳಗೇ ನಮ್ಮ ಬೆಂಚು. ನನ್ನ ಮಕ್ಕಳು ಅಲ್ಲೇ ಕೂತು ತೂಕಡಿಸುತ್ತಿದ್ದರು. ಔಷಧಿ ಕುಡಿಸುವಾಗಲೂ ನನಗೆ ಅವರ ಮೇಲೆ ಸಿಟ್ಟು ಉಕ್ಕುತ್ತದೆ. ಬಾಯಿ ಒರೆಸುವಾಗ ಅಯ್ಯೋ ಅನ್ನಿಸುತ್ತದೆ.

ನೀನು ಗೆದ್ದೆ ಅಂತ ಹೇಳಿಸಿಕೊಳ್ಳಲು ಬರಬೇಡ. ಸುಮ್ಮನೆ ಬಾ. ನಿನ್ನ ಹೆಸರು ಅವರ ಬಾಯಲ್ಲಿ ಒಂದು ಸಲ ಬಂದುಬಿಟ್ಟರೆ ನನಗೆ ಅಷ್ಟೇ ಸಾಕು.

ದಾರಿ ನೋಡುತ್ತಿರುವ,
ಅಕ್ಕ

ಡಿಸೆಂಬರ್ ನಾಲ್ಕು, ಬೆಳಿಗ್ಗೆ

ಬರೆಯದೆ ಉಳಿದದ್ದು: ರಾತ್ರಿ ಅಪ್ಪ ಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದೆ. ಮುಂದಿನದನ್ನು ಹೇಳುವುದರೊಳಗೆ ನೀನು ಇಟ್ಟುಬಿಟ್ಟೆ. ಇನ್ನು ಯಾರೂ ಸುಳ್ಳು ಹೇಳಬೇಕಾಗಿಲ್ಲ, ಕಿಟಕಿಯ ಬಟ್ಟೆಯನ್ನೂ ತೆಗೆದೆ. ನೀನು ಬಂದರೆ ಈ ಪತ್ರವನ್ನು ಕೈಗೇ ಕೊಡುತ್ತೇನೆ, ಬರದಿದ್ದರೆ ಅಂಚೆಗೆ ಹಾಕುತ್ತೇನೆ.

ನಿನ್ನೆ ಸಂಜೆ ಬೇರೆ ಸೌದೆಯೆಲ್ಲ ಒದ್ದೆಯಾಗಿತ್ತು. ಅಪ್ಪ ಚಳಿಗೆ ನಡುಗುತ್ತಿದ್ದರು. ವಿಧಿಯಿಲ್ಲದೆ ಆ ಕಂಬವನ್ನೇ ಸಿಗಿದು ಒಲೆಗೆ ಹಾಕಿದೆ. ಅಂಟು, ಮೇಣದ ಹೊಗೆ ಮೂಗಿಗೆ ತಾಕಿದ್ದೇ ತಡ, ಈ ಕಡೆ ತಿರುಗಿ, “ಎಡಗಡೇದಾ?” ಅಂತ ಕೇಳಿದರು. ನಾನು ಉರಿಯುವ ಸೌದೆಯನ್ನು ಹೊರಗೆಳೆಯಲು ಹೋದೆ. “ಉರೀಲಿ ಬಿಡು,” ಅಂದರು. ಆಮೇಲೆ ಹೊದಿಕೆಯಿಂದ ಕೈ ಹೊರಗೆ ತೆಗೆದು, ಗೆಣ್ಣು ಮಡಚಿ, ತಮ್ಮ ಎದೆಯನ್ನೇ ಮೆಲ್ಲಗೆ ತಟ್ಟಿಕೊಂಡು ಕೇಳಿಸಿಕೊಂಡರು.

“ಇದೂ ಗೊಣಗ್ತಾ ಇದೆ ಕಣೇ. ನಮ್ಮ ಮರಕುಟಿಗನ ಕರೆಸು. ಅವಳ ಕಿವಿ ಚೆನ್ನಾಗಿದೆ,” ಅಂದರು.