ಅವಳ ಹೆಸರಿಗೆ ಕೂತ ಚೀಟಿ

ಕುಂಬಳೆ
9-7-2017

ಹರಿನಾಥ ಭಾವನಿಗೆ ನಮಸ್ಕಾರ.

ಇಲ್ಲಿ ಕ್ಷೇಮ. ನಿಮ್ಮ ಕುಟುಂಬದ ಮೂಲಮನೆ, ಆ ತರವಾಡಿನ ವೆಬ್‌ಸೈಟ್ ಮಾತ್ರ ಕೆಟ್ಟಿದೆ. ಹೆಸರು ಬರೆದರೆ ಬಾಗಿಲು ತೆರೆಯುತ್ತದೆ, ಒಳಗೆ ಕಾಲಿಟ್ಟರೆ ಮರೆಯುತ್ತದೆ, ಮತ್ತೆ "ನೀವು ಯಾರು?" ಎನ್ನುತ್ತದೆ. ಪ್ರಾಸ ನನ್ನದು, ದೋಷ ನನ್ನದಲ್ಲ.

ಬಂದವರ ಗುರುತಿಗೆ ಸೈಟು ಅವರ ಕಂಪ್ಯೂಟರಿನಲ್ಲಿ ಕುಕೀ ಎಂಬ ಚೀಟಿ ಇಡಬೇಕು. ಅದಕ್ಕೊಂದು ಕೊನೆಯ ದಿನಾಂಕ ಉಂಟು. ತೆಗೆದು ನೋಡಿದರೆ ಎಲ್ಲರ ಚೀಟಿಗೂ ಒಂದೇ ದಿನಾಂಕ: ಕಳೆದ ವರ್ಷ ನಿಮ್ಮ ತಂಗಿ, ನನ್ನ ವಾರಿಜ ತೀರಿಕೊಂಡ ದಿನ. ಅವಧಿ ಮುಗಿದ ಚೀಟಿಯನ್ನು ಬ್ರೌಸರ್ ಇಟ್ಟುಕೊಳ್ಳುವುದಿಲ್ಲ. ನೀವು ಹೊಸ್ತಿಲು ತುಳಿಯಲು ಬಿಡದಿದ್ದರೂ ಸೈಟು ಕಟ್ಟಿದ್ದು ಅವಳೇ. ಆದರೆ ಆ ದಿನಾಂಕವನ್ನು ಅವಳು ಬರೆದಿರಲು ಸಾಧ್ಯವಿಲ್ಲವಷ್ಟೆ. ಸೈಟಿನ ಕೋಡನ್ನು ಸಾಲು ಸಾಲು ಹುಡುಕಿದೆ, ಆ ದಿನಾಂಕ ಎಲ್ಲೂ ಇಲ್ಲ.

ನಿನ್ನೆ ಪರೀಕ್ಷೆಗೆಂದು ಅವಳ ಹೆಸರು ಕೊಟ್ಟೆ. ಚೀಟಿ ಕೂತಿತು. ಕೊನೆಯ ದಿನಾಂಕ ಜುಲೈ 23, ಸತ್ತವರಿಗೆ ಎಲೆ ಹಾಕಿ ಬಡಿಸುವ ಆಟಿ ಅಮಾವಾಸ್ಯೆ.

ಸತ್ತವರನ್ನು ಹಿರಿಯರ ಜೊತೆ ಸೇರಲು ಒಳಗೆ ಕರೆಯುವುದು ತರವಾಡಿನಲ್ಲೇ ಆಗಬೇಕು, ಕರೆಯಬೇಕಾದವರು ನೀವು. ಅವಳ ಉತ್ತರಕ್ರಿಯೆಯ ಬೊಜ್ಜದ ದಿನ ನಾನು ಕೇಳಿದಾಗ, "ನನ್ನ ಮಾತು ಮೀರಿ ನಿನ್ನ ಕಟ್ಟಿಕೊಂಡವಳಲ್ಲವಾ ಮಾರಾಯ, ಸ್ವಲ್ಪ ಸಮಯ ಹೊರಗೇ ಇರಲಿ" ಎಂದಿರಿ.

ಈ ಅಮಾವಾಸ್ಯೆಗೆ ಎಲೆ ಹಾಕಿ, ಬಾಗಿಲಲ್ಲಿ ನಿಂತು, ಅವಳ ಹೆಸರು ಹಿಡಿದು ಕರೆಯಿರಿ. ಬಾಳೆಎಲೆ, ಕೋಳಿ ನಾನು ತರುತ್ತೇನೆ, ಅಂಗಳದಲ್ಲೇ ನಿಲ್ಲುತ್ತೇನೆ.

ಅಷ್ಟರವರೆಗೆ ಸೈಟಿನಲ್ಲಿ ನಿಮ್ಮ ಹೆಸರು ಹಾಕಿ ನೋಡಬೇಡಿ. ಇವತ್ತು ನಾನು ಹಾಕಿದೆ. "ನೀವು ಯಾರು?" ಎಂದು ಕೇಳಲಿಲ್ಲ. "ಕರೆಯಲಿಕ್ಕೆ ಬಂದದ್ದಾ ಅಣ್ಣ?" ಎಂದು ಕೇಳಿತು.

ನಿಮ್ಮ ಉತ್ತರ ಕಾಯುವ
ಲತೇಶ್