ಐದು ಕಿಲೋ

ಏಳನೇ ಬ್ಯಾರಕ್, ಕಿಟಕಿ ಪಕ್ಕದ ಮಂಚ
ಗುರುವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಸೊಂಟ ಹೇಗಿದೆ? ‘ಚೆನ್ನಾಗಿದೆ’ ಎಂದು ಬರೆಯಬೇಡ, ನಿಜ ಬರೆ. ಆಸ್ಪತ್ರೆಯಲ್ಲಿ ಎರಡನೇ ವಾರ್ಡಿನ ಆ ಭಾರಿ ಅಜ್ಜನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಈಗಲೂ ನೀನೊಬ್ಬಳೇ ಎತ್ತಿ ಕೂರಿಸುತ್ತೀಯಾ? ಜೊತೆಗೆ ಇನ್ನೊಬ್ಬಳು ಆಯಾ ಬರುವ ತನಕ ಕಾಯಲು ನಿನಗೆ ಏನು ಕಷ್ಟ? ನನಗೆ ತಾಳ್ಮೆಯೇ ಇಲ್ಲ ಎಂದು ನೀನು ಬೈಯುತ್ತಿದ್ದೆ, ಅದು ಯಾರಿಂದ ಬಂತೋ ನೋಡಿಕೋ. ನಾನು ಆರೋಗ್ಯವಾಗಿದ್ದೇನೆ. ಅಂಗೈ ಸುಲಿದಿದೆ ಅಷ್ಟೆ.

ನಿನ್ನ ಕಾಗದ ನಿನ್ನೆ ಬಂತು. ನಾನು ಬರುತ್ತೇನೆಂದು ಪಕ್ಕದ ಮನೆಯವರಿಂದ ಮಂಚ ತಂದು, ನಿನ್ನ ಮಂಚವನ್ನು ಗೋಡೆಗೆ ಸರಿಸಿ, ಜಾಗ ಸಾಲದೆ ಬಟ್ಟೆಯ ಪೆಟ್ಟಿಗೆಯನ್ನು ಬಾಗಿಲ ಹಿಂದೆ ಇಟ್ಟಿದ್ದೀ ಎಂದು ನೀನು ಬರೆದಿದ್ದೆ. ಅದನ್ನು ಓದಿ ಊಟ ಬಿಟ್ಟು ಎದ್ದೆ. ಯಾಕೆಂದರೆ ಹೋದ ಸಲ ನಾನು ಬರೆದದ್ದು ನಿಜವಲ್ಲ. ನೂರನಲವತ್ತು ಕಿಲೋ ಎತ್ತಿದೆ, ಸೇನೆಯ ಭಾರ ಎತ್ತುವ ತಂಡಕ್ಕೆ ಆಯ್ಕೆಯಾದೆ, ಆರು ತಿಂಗಳ ಶಿಬಿರ ನಿನ್ನ ಊರಿನಲ್ಲೇ, ನಿನ್ನ ಕೋಣೆಯಿಂದ ಅರ್ಧ ಗಂಟೆಯ ದಾರಿ ಎಂದು ಬರೆದಿದ್ದೆನಲ್ಲ, ಅದರಲ್ಲಿ ಮೊದಲ ಮಾತೇ ಸುಳ್ಳು. ಬರೆಯುವಾಗಲೇ ನನಗೆ ಗೊತ್ತಿತ್ತು.

ಆದದ್ದು ಹೀಗೆ. ಸರಳಿನ ಎರಡು ತುದಿಗೆ ತಟ್ಟೆಗಳನ್ನು ಏರಿಸಿದ ಮೇಲೆ ಅವು ಜಾರದಂತೆ ಕಬ್ಬಿಣದ ಕಾಲರ್ ಬಿಗಿಯುತ್ತಾರೆ. ಒಂದೊಂದೂ ಎರಡೂವರೆ ಕಿಲೋ. ಅದೂ ಲೆಕ್ಕಕ್ಕೆ ಸೇರುತ್ತದೆ. ಆ ದಿನ ತಟ್ಟೆ ಏರಿಸಿದವನು ನನ್ನ ಪಕ್ಕದ ಮಂಚದವನು. ಎಲ್ಲರೂ ಅವನನ್ನು ಗೂಬೆ ಎನ್ನುತ್ತಾರೆ, ಕಣ್ಣು ಅಷ್ಟು ದೊಡ್ಡದು. ಅಷ್ಟು ದೊಡ್ಡ ಕಣ್ಣಿಟ್ಟುಕೊಂಡು ಕಾಲರ್ ಮರೆತ. ಸರಳು ತಲೆಯ ಮೇಲೆ ಹೋಯಿತು, ಚಪ್ಪಾಳೆ ಬಿತ್ತು. ಬೇರೆಯವರಾದರೆ ಅಲ್ಲಿಂದಲೇ ಧೊಪ್ಪನೆ ಬಿಟ್ಟುಬಿಡುತ್ತಾರೆ. ನನಗೆ ಅದು ಆಗುವುದಿಲ್ಲ. ‘ಎತ್ತೋದು ದೊಡ್ಡದಲ್ಲ ಕಣೋ, ಇಳಿಸೋದ್ರಲ್ಲಿದೆ ಎಲ್ಲಾ’ ಎಂದು ನೀನು ಹೇಳಿ ಹೇಳಿ ಕಿವಿ ತೂತಾಗಿದೆ. ಮೆಲ್ಲಗೆ ಇಳಿಸುವಾಗ ಬಲಗಡೆಯ ಚಿಕ್ಕ ತಟ್ಟೆ ಬೆರಳಗಲ ಹೊರಗೆ ಸರಿಯಿತು. ನೋಡಿದೆ. ಎರಡೂ ತುದಿ ಬೋಳು.

ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟವನು ನಾನು, ನನ್ನದೇ ತಪ್ಪಿರಬೇಕು ಎಂದು ಮೂರು ಸಲ ಕೂಡಿದೆ. ಮೂರು ಸಲವೂ ನೂರಮೂವತ್ತೈದೇ ಬಂತು. ಬಾಯಿ ಮುಚ್ಚಿಕೊಂಡು ಹೋಗಿ ನಿನಗೆ ಕಾಗದ ಬರೆದೆ. ಎರಡು ವರ್ಷವಾಯಿತಲ್ಲ ಅಮ್ಮಾ, ನಿನ್ನ ಮುಖ ನೋಡಿ.

ಒಂಬತ್ತು ದಿನ ಸುಮ್ಮನಿದ್ದೆ. ನಿನ್ನೆ ಆ ಮಂಚದ ವಿಷಯ ಓದಿ ನೇರ ಕೋಚ್ ಹತ್ತಿರ ಹೋದೆ. ಅವರು ಚಹಾ ಕುಡಿಯುತ್ತಿದ್ದರು. ಕೇಳಿ, ಲೋಟ ಕೆಳಗಿಟ್ಟು, ‘ಮೂರು ಜನ ತೀರ್ಪುಗಾರರು ನೋಡಿ ಸೈ ಅಂದಿದ್ದಾರೆ. ನಿನಗೇನಪ್ಪಾ ತಲೆನೋವು?’ ಎಂದರು. ನೋವು ತಲೆಯದ್ದಲ್ಲ ಸಾರ್, ಎದೆಯದ್ದು ಎಂದೆ. ಅವರು, ‘ಶನಿವಾರ ಬೆಳಿಗ್ಗೆ ನೂರನಲವತ್ತು ಮತ್ತೆ ಎತ್ತು. ಒಂದೇ ಸಲ’ ಎಂದರು. ಗೂಬೆಗೆ ಒಂದು ವಾರ ಹಾಲ್ ಗುಡಿಸುವ ಶಿಕ್ಷೆ. ‘ಆ ಕಾಲರ್ ನಿನ್ನ ಬಾಯಿಗೆ ಬಿಗೀಬೇಕಿತ್ತು’ ಎಂದ, ಆಮೇಲೆ ಮಾತೇ ಬಿಟ್ಟಿದ್ದಾನೆ. ಅವನ ಪಾಲಿನದನ್ನು ಅರ್ಧ ನಾನು ಗುಡಿಸಲು ಹೋದರೆ ಪೊರಕೆ ಕಿತ್ತುಕೊಂಡ.

ನಾನು ಇಷ್ಟರತನಕ ನಿಜವಾಗಿ ಎತ್ತಿರುವುದು ನೂರಮೂವತ್ತೇಳು. ಉಳಿದ ಮೂರು ಕಿಲೋ ಎಂದರೆ ನೀನು ಸಂಜೆ ತರುವ ತರಕಾರಿ ಚೀಲದಷ್ಟು. ನಗು ಬರುತ್ತದೆ, ಆದರೆ ಕೈಗೆ ಬರುವುದಿಲ್ಲ. ಈ ಕಾಗದವನ್ನು ಶನಿವಾರ ಮುಗಿದ ಮೇಲೆಯೇ ಡಬ್ಬಿಗೆ ಹಾಕುತ್ತೇನೆ. ಈ ಸಲ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲಾರೆ.

ಸೊಂಟದ ಬೆಲ್ಟು ಕಟ್ಟಿಕೊಂಡೇ ಕೆಲಸ ಮಾಡು. ವಾರ್ಡಿನ ಅಜ್ಜನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲು ಮುಟ್ಟಿದ್ದೇನೆ ಎಂದುಕೋ.

ನಿನ್ನ ಹಠಮಾರಿ
ಚಿಕ್ಕವನು

ತಾ.ಕ.: ಶನಿವಾರ, ಹತ್ತು ಗಂಟೆ. ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ. ಕಾಲರ್‌ಗಳನ್ನು ಗೂಬೆಯೇ ಬಂದು ಬಿಗಿದ, ಎರಡೆರಡು ಸಲ ತಿರುಗಿಸಿ ನೋಡಿದ. ಸರಳು ಎದೆಯವರೆಗೆ ಬಂತು, ಮೇಲೆ ಹೋಗಲಿಲ್ಲ. ಮೆಲ್ಲಗೆ ಇಳಿಸಿದೆ. ನಾನು ಬರುವುದಿಲ್ಲ ಅಮ್ಮಾ. ಮಂಚ ವಾಪಸ್ ಕೊಟ್ಟುಬಿಡು. ಒಬ್ಬಳೇ ಎತ್ತಬೇಡ, ಯಾರನ್ನಾದರೂ ಕರೆ.